ಸೊನ್ನಲಿಗೆಯಿಂದ ಕಲ್ಯಾಣಕ್ಕೆ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರಗಾ ದಾಟಿದ ಮೇಲೆ ಕರ್ನಾಟಕವನ್ನು ಹೊಕ್ಕು, ಬಸವಕಲ್ಯಾಣಕ್ಕೆ ತಿರುಗುವ ಕೂಡುರಸ್ತೆಯನ್ನು ಹಾದು ಹುಮನಾಬಾದನ್ನು ಸೇರುತ್ತದೆ. ಜಯದೇವಿತಾಯಿ ಲಿಗಾಡೆಯವರನ್ನು ನೆನೆದಾಗಲೆಲ್ಲ ನನಗೆ ಈ ದಾರಿಯೇ ಕಣ್ಣಿಗೆ ಕಟ್ಟುತ್ತದೆ.

ತಾಯಿಯವರು ಹುಟ್ಟಿದ್ದು 1912ರಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸೊಲ್ಲಾಪುರದಲ್ಲಿ. ಮನೆಮಾತು ಕನ್ನಡ, ಶಾಲೆಯ ಓದು ಮರಾಠಿ. ಕನ್ನಡದ ಓದುಬರಹವನ್ನು ಆಮೇಲೆ ಸ್ವಪ್ರಯತ್ನದಿಂದ ಒಲಿಸಿಕೊಂಡರು. ಹೀಗೆ ಗಳಿಸಿದ ನುಡಿಗಾಗಿಯೇ ಏಕೀಕರಣದ ಚಳವಳಿಗೆ ಇಳಿದರು; ಗಡಿನಾಡಿನ ಕನ್ನಡ ಶಾಲೆಗಳಿಗಾಗಿ ದುಡಿದರು.

ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. 1956ರ ನವೆಂಬರ್ 1ರಂದು ಹುಮನಾಬಾದು, ಬಸವಕಲ್ಯಾಣಗಳು ಕನ್ನಡ ರಾಜ್ಯಕ್ಕೆ ಬಂದವು. ಸೊಲ್ಲಾಪುರ ಬರಲಿಲ್ಲ. ಚಳವಳಿ ಗೆದ್ದಿತು, ತಾಯಿಯವರ ಊರು ಹೊರಗುಳಿಯಿತು.

ಅವರ ‘ಸಿದ್ಧರಾಮ ಪುರಾಣ’ ಇರುವುದು ನಮ್ಮ ಗರತಿಯರು ಬೀಸುವಾಗ ಹಾಡುವ ತ್ರಿಪದಿಯಲ್ಲಿ. ಈ ಆಯ್ಕೆಯ ಮರ್ಮವನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಎಣಿಕೆ. ಸಿದ್ಧರಾಮನು ಸೊನ್ನಲಿಗೆಯಿಂದ, ಎಂದರೆ ಸೊಲ್ಲಾಪುರದಿಂದ, ಕಲ್ಯಾಣಕ್ಕೆ ಬಂದ ಶರಣ. ಮುಂದೆ ತನ್ನೂರಿಗೆ ಮರಳಿದನು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆ ಜಯದೇವಿತಾಯಿಯವರೂ ಸೊಲ್ಲಾಪುರದಿಂದ ಕಲ್ಯಾಣಕ್ಕೆ ಬಂದವರೇ. ಅವರು ಬಸವಕಲ್ಯಾಣದಲ್ಲಿಯೇ ನೆಲೆನಿಂತು, 1986ರಲ್ಲಿ ತೀರಿಕೊಂಡರು.