ಫ್ಲಮೆಂಕೊ ಗಿಟಾರು ಮತ್ತು ಕರಾವಳಿಯ ಮಳೆ

ಕಾಪು ಸಮೀಪದ ಕುಟುಂಬಸ್ಥರೊಬ್ಬರು ಕೊಲ್ಲಿ ರಾಷ್ಟ್ರದಿಂದ ರಜೆಯ ಮೇಲೆ ಬಂದವರು, ಈಚೆಗೆ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ತಮ್ಮ ಮಗನೊಡನೆ ನಮ್ಮ ಮನೆಗೆ ಬಂದಿದ್ದರು. ಹುಡುಗ ಮಣಿಪಾಲದಲ್ಲಿ ವ್ಯಾಸಂಗ ಮಾಡುತ್ತಿದ್ದಾನೆ. ಇಗರ್ಜಿಯ ಗಾಯನ ಮಂಡಳಿಯಲ್ಲಿ ಬಾಲ್ಯದಿಂದಲೂ ಗಿಟಾರು ನುಡಿಸಿದವನು. ಈಗ ಅವನ ಮನಸ್ಸು ಸ್ಪೇನ್ ದೇಶದ ಫ್ಲಮೆಂಕೊ ಶೈಲಿಯತ್ತ ಹರಿದಿದೆ. ವೃತ್ತಿಪರ ಮಟ್ಟದ ವಾದ್ಯವೇ ಬೇಕೆಂಬುದು ಅವನ ಹಠ. "ಮಾಸ್ಟ್ರೇ, ಇದು ಎರಡು ವರ್ಷದ ಉಳಿತಾಯ. ಕೊಡಲು ಬೇಸರವಿಲ್ಲ. ಆದರೆ ಕೊಂಡ ಮೇಲೆ ವಾದ್ಯ ಮೂಲೆ ಸೇರಬಾರದು" ಎಂದರು ತಂದೆ. ಆ ಮಾತಿಗೆ ನಾವು ಕೂಡಲೇ ಉತ್ತರಿಸಲಾರದೆ ಹೋದೆವು.

ನಮ್ಮ ಕ್ರೈಸ್ತ ಮನೆಗಳಲ್ಲಿ ಗಿಟಾರು ಅಪರೂಪದ ವಸ್ತುವಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಕುರಿತು ಹೊರಡಿಸಿದ ಶಾಸನವು ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿ, ಅಧಿಕಾರಿಗಳ ಒಪ್ಪಿಗೆಯಿಂದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಕೊಂಕಣಿಯಲ್ಲಿಯೂ ಕನ್ನಡದಲ್ಲಿಯೂ ಭಕ್ತಿಗೀತೆಗಳು ಮೊಳಗತೊಡಗಿದಾಗ ಹಾರ್ಮೋನಿಯಂ, ಪಿಟೀಲುಗಳ ಪಕ್ಕದಲ್ಲಿ ಗಿಟಾರೂ ಬಂದು ಕುಳಿತಿತು. ಆದರೆ ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಉಕ್ಕಿನ ತಂತಿಯ ಗಿಟಾರು. ಫ್ಲಮೆಂಕೊ ಗಿಟಾರು ನೋಟಕ್ಕೆ ಅದರ ಸೋದರನಂತಿದ್ದರೂ ಗುಣದಲ್ಲಿ ಬೇರೆಯೇ ಜಾತಿ.

ಸ್ಪೇನಿನ ಅಲ್ಮೇರಿಯ ಪಟ್ಟಣದ ಅಂಟೋನಿಯೊ ದೆ ತೊರ್ರೆಸ್ (1817–1892) ಎಂಬ ಬಡಗಿ ಇಂದಿನ ಸ್ಪ್ಯಾನಿಷ್ ಗಿಟಾರಿಗೆ ಆಕಾರ ಕೊಟ್ಟವನು. ಶಾಸ್ತ್ರೀಯ ಗಿಟಾರು, ಫ್ಲಮೆಂಕೊ ಗಿಟಾರು ಎರಡೂ ಅವನ ಮಾದರಿಯಿಂದಲೇ ಬೆಳೆದವು; ತಂತಿಯ ನುಡಿಯುವ ಉದ್ದ ಎರಡರಲ್ಲೂ ಸಾಮಾನ್ಯವಾಗಿ 650 ಮಿಲಿಮೀಟರ್. ಮೇಲ್ಹಲಗೆ ಬಹುಮಟ್ಟಿಗೆ ಸ್ಪ್ರೂಸ್ ಮರದ್ದು. ವ್ಯತ್ಯಾಸವೆಲ್ಲ ಹಿಂಬದಿಯಲ್ಲಿ, ಪಕ್ಕದಲ್ಲಿ, ತಂತಿಯ ಎತ್ತರದಲ್ಲಿ. ಹಳೆಯ ಬಗೆಯ ಫ್ಲಮೆಂಕೊ ಗಿಟಾರಿನ ಹಿಂಬದಿ ಮತ್ತು ಪಕ್ಕಗಳು ಸೈಪ್ರೆಸ್ ಎಂಬ ತಿಳಿಬಣ್ಣದ ಹಗುರ ಮರದವು. ಆದುದರಿಂದಲೇ ಅದಕ್ಕೆ 'ಬ್ಲಾಂಕಾ', ಅಂದರೆ ಬಿಳಿಯದು, ಎಂಬ ಹೆಸರು. ಇದರ ನಾದ ಥಟ್ಟನೆ ಚಿಮ್ಮಿ ಬೇಗನೆ ಆರುತ್ತದೆ. ನರ್ತಕಿಯ ಹೆಜ್ಜೆಯ ಸಪ್ಪಳದ ಮಧ್ಯೆ, ಕೈಚಪ್ಪಾಳೆಯ ಮಧ್ಯೆ ಕೇಳಿಸಬೇಕಾದ ವಾದ್ಯಕ್ಕೆ ಅದೇ ಗುಣ ಬೇಕು.

ಮತ್ತೊಂದು ಬಗೆ 'ನೇಗ್ರಾ', ಕರಿಯದು. ಇಲ್ಲಿ ಕಾರ್ಕಳದವರು ಕಿವಿ ನಿಮಿರಿಸಬೇಕು. ನೇಗ್ರಾದ ಹಿಂಬದಿಗೆ ಜಗತ್ತಿನಾದ್ಯಂತ ಬಳಸುವ ಮುಖ್ಯ ಮರಗಳಲ್ಲಿ ಒಂದು ನಮ್ಮ ಪಶ್ಚಿಮ ಘಟ್ಟದ ಬೀಟೆ! ಬ್ರೆಜಿಲ್ ದೇಶದ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿಷೇಧ ಬಿದ್ದ ಮೇಲಂತೂ ಭಾರತದ ಬೀಟೆಗೆ ಬೇಡಿಕೆ ಹೆಚ್ಚಿತು. ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಹೋಗುವಾಗ ಮೂಡಲಲ್ಲಿ ನೀಲಿಯಾಗಿ ಕಾಣುವ ಘಟ್ಟಸಾಲಿನಲ್ಲಿ ಬೆಳೆಯುವ ಮರವೇ ಸಮುದ್ರ ದಾಟಿ, ಗ್ರನಾದದ ಕುಶಲಕರ್ಮಿಯ ಕೈಯಲ್ಲಿ ಗಿಟಾರಾಗಿ, ಲಕ್ಷಗಳ ಬೆಲೆ ಹೊತ್ತು ಹಿಂದಿರುಗುವುದು ವಿಚಿತ್ರವಲ್ಲವೆ? ಫ್ಲಮೆಂಕೊವನ್ನು ಬೆಳೆಸಿದ ಜಿಪ್ಸಿ ಜನಾಂಗದ ಪೂರ್ವಜರೂ ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದಲೇ ಹೊರಟವರೆಂದು ವಿದ್ವಾಂಸರು ಹೇಳುತ್ತಾರೆ.

ನೇಗ್ರಾದ ನಾದ ಹೆಚ್ಚು ಗಂಭೀರ, ಹೆಚ್ಚು ಹೊತ್ತು ನಿಲ್ಲುವಂಥದು. ಈ ಶೈಲಿಯನ್ನು ಜಗದ್ವಿಖ್ಯಾತಗೊಳಿಸಿದ ಪಾಕೊ ದೆ ಲೂಸಿಯಾ (1947–2014) ವೇದಿಕೆಯಲ್ಲಿ ಈ ಬಗೆಯನ್ನು ಬಳಸಿದ ಮೇಲೆ ಅದಕ್ಕೆ ಮರ್ಯಾದೆ ಬಂದಿತು. ನಮ್ಮ ಹುಡುಗನ ಮಟ್ಟಿಗೆ ನಾವು ನೇಗ್ರಾದ ಪಕ್ಷವನ್ನೇ ವಹಿಸಿದೆವು. ಕಾರಣವಿಷ್ಟೆ: ಅವನು ಭಾನುವಾರದ ಗಾಯನವನ್ನು ಬಿಡುವವನಲ್ಲ. ಭಕ್ತಿಗೀತೆಯ ನಿಡಿದಾದ ಸಾಲಿಗೆ ಬ್ಲಾಂಕಾದ ಚುಟುಕು ನಾದ ಆಸರೆಯಾಗದು. ಕೇವಲ ಕೊಯರಿಗಾಗಿಯೇ ವಾದ್ಯ ಬೇಕೆಂದಿದ್ದರೆ, ಒಳ್ಳೆಯದೊಂದು ಶಾಸ್ತ್ರೀಯ ಗಿಟಾರು ಸಾಕು, ಉಳಿದ ಹಣದಲ್ಲಿ ಮೈಕು ಸರಿಪಡಿಸಿರೆಂದು ಹೇಳಿ ಕಳುಹಿಸುತ್ತಿದ್ದೆವು.

ಕೊಳ್ಳುವಾಗ ಏನು ನೋಡಬೇಕು? ಮೊದಲು ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿಯು ಶಾಸ್ತ್ರೀಯ ಗಿಟಾರಿನಲ್ಲಿ ಸುಮಾರು 4 ಮಿಲಿಮೀಟರ್ ಎತ್ತರದಲ್ಲಿದ್ದರೆ ಫ್ಲಮೆಂಕೊದಲ್ಲಿ 3 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ವೀಣೆಯವರು ಕುದುರೆ ಎನ್ನುವ ಭಾಗದ ಬಳಿಯೂ ತಂತಿ ಹಲಗೆಗೆ ಹತ್ತಿರವಿರುತ್ತದೆ. ಬೆರಳಿನಿಂದ ಹಲಗೆಯನ್ನು ಬಡಿಯುವುದು ಈ ವಾದನದ ಅಂಗವಾದುದರಿಂದ ಹಾಗಿರಲೇಬೇಕು. ಆ ಬಡಿತದಿಂದ ಮರ ಸವೆಯದಂತೆ ಮೇಲೆ 'ಗೋಲ್ಪೆಯಾದೊರ್' ಎಂಬ ತೆಳುವಾದ ಪಾರದರ್ಶಕ ಹಾಳೆಯನ್ನು ಅಂಟಿಸಿರುತ್ತಾರೆ. ಅದಿಲ್ಲದ ಗಿಟಾರನ್ನು ಫ್ಲಮೆಂಕೊ ಎಂದು ಮಾರಲು ಬಂದರೆ ಅಂಗಡಿಯಿಂದ ಇಳಿದುಬಿಡಿ. ಜೋರಾಗಿ ಬಾರಿಸಿದಾಗ ಒಂದಿಷ್ಟು ಜಿರ್ರೆಂಬ ಸದ್ದು ಬಂದರೆ ಗಾಬರಿ ಬೇಡ, ಅದು ಈ ವಾದ್ಯದ ಖಾರ. ಮೆಲ್ಲನೆ ಮೀಟಿದಾಗಲೂ ಜಿರ್ರೆಂದರೆ ಮಾತ್ರ ದೋಷ.

ಬಳಿಕ ಹನ್ನೆರಡನೆಯ ಮೆಟ್ಟಿಲನ್ನು ಒತ್ತಿ ನುಡಿಸಿದ ಸ್ವರವು ಬಿಡಿ ತಂತಿಯ ಸರಿಯಾದ ಮೇಲ್ಷಡ್ಜವೇ ಎಂಬುದನ್ನು ಆರೂ ತಂತಿಗಳಲ್ಲಿ ಪರೀಕ್ಷಿಸಬೇಕು. ಬೆರಳುಗಳನ್ನು ಒಂದರ ಹಿಂದೊಂದು ಬಿಚ್ಚಿ ಬಾರಿಸಿದಾಗ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳಬೇಕು, ಕಲಸಿದ ಸದ್ದಾಗಬಾರದು. ನುಡಿಸುವವನ ಕಿವಿಯೊಂದೇ ಸಾಲದು. ಜೊತೆಗಾರನೊಬ್ಬನು ಇಪ್ಪತ್ತು ಅಡಿ ದೂರ ನಿಂತು ಕೇಳಬೇಕು. ಹೆಸರಾಂತ ಕಂಪೆನಿಗಳೂ ಫ್ಲಮೆಂಕೊ ಮಾದರಿಗಳನ್ನು ತಯಾರಿಸುತ್ತವೆ. ಯಮಾಹಾದವರ ಸಿಜಿ182ಎಸ್‌ಎಫ್ ಎಂಬ ಸೈಪ್ರೆಸ್ ಮರದ ಗಿಟಾರು ಕಲಿಕೆಗೆ ಸಾಕಷ್ಟು ಒಳ್ಳೆಯದು. ಆದರೆ ಅದನ್ನು ವೃತ್ತಿಪರ ವಾದ್ಯವೆನ್ನಲಾಗದು. ಆ ಮಟ್ಟದ್ದು ಪೂರ್ತಿಯಾಗಿ ಇಡೀ ಮರದಿಂದ, ಬಹುತೇಕ ಒಬ್ಬನೇ ಕುಶಲಕರ್ಮಿಯ ಕೈಯಿಂದ ಸಿದ್ಧವಾದದ್ದಿರುತ್ತದೆ.

ನಮ್ಮ ಊರಿನ ತೊಡಕು ಇರುವುದು ಇಲ್ಲಿಯೇ. ಪದರಹಲಗೆಯ ಅಗ್ಗದ ಗಿಟಾರು ಮಳೆಯನ್ನು ಹೇಗೋ ಸಹಿಸುತ್ತದೆ. ಎರಡು ಮಿಲಿಮೀಟರ್ ದಪ್ಪದ ಇಡೀ ಮರದ ಹಲಗೆ ಸಹಿಸದು. ಇಂಥ ವಾದ್ಯಕ್ಕೆ ಹಿತವಾದ ಗಾಳಿಯ ತೇವ ನೂರಕ್ಕೆ 45ರಿಂದ 55. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಆಟಿ ತಿಂಗಳಲ್ಲಿ ತೇವ 90ನ್ನು ದಾಟುವುದೂ ಉಂಟು. ಹಲಗೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ನಾದ ಮಂಕಾಗುತ್ತದೆ. ಕಾಪುವಿನ ದೀಪಸ್ತಂಭದ ಆಸುಪಾಸಿನವರಿಗಂತೂ ಉಪ್ಪುಗಾಳಿಯ ಕಾಟ ಬೇರೆ. ನೈಲಾನ್ ತುಕ್ಕು ಹಿಡಿಯದಾದರೂ ಲೋಹ ಸುತ್ತಿದ ಮೂರು ದಪ್ಪ ತಂತಿಗಳು ಬೇಗನೆ ಕಪ್ಪಾಗುತ್ತವೆ. ಇನ್ನು ಮಣಿಪಾಲದ ಹಾಸ್ಟೆಲಿನ ಹವಾನಿಯಂತ್ರಿತ ಕೋಣೆಯಲ್ಲಿ ಒಣಗಿದ್ದ ವಾದ್ಯವನ್ನು ಶನಿವಾರ ಬಸ್ಸಿನಲ್ಲಿ ಮಳೆಯ ನಡುವೆ ಊರಿಗೆ ತಂದರೆ ಮರ ಸೀಳದೆ ಏನು ಮಾಡೀತು?

ನಾವೇ ಮಾಡಿದ ಒಂದು ಅಪರಾಧವನ್ನು ಹೇಳದೆ ಈ ಉಪದೇಶ ಸಲ್ಲದು. ಅನೇಕ ವರ್ಷಗಳ ಹಿಂದೆ ಬಂಧುಗಳೊಬ್ಬರು ಪ್ರೀತಿಯಿಂದ ತಂದುಕೊಟ್ಟ ಸ್ಪ್ಯಾನಿಷ್ ಗಿಟಾರಿನ ತಂತಿ ಮೊಂತಿ ಹಬ್ಬದ ಮುನ್ನಾದಿನ ಕಡಿಯಿತು. ನೈಲಾನ್ ತಂತಿ ಪೇಟೆಯಲ್ಲಿ ಸಿಗಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಉಕ್ಕಿನ ತಂತಿಗಳನ್ನೇ ಬಿಗಿದೆವು. ನೈಲಾನಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೊ. ಉಕ್ಕಿನದು 70 ಕಿಲೊ ಮೀರುತ್ತದೆಂಬುದು ಆಗ ನಮಗೆ ಗೊತ್ತಿರಲಿಲ್ಲ. ಹಬ್ಬವೇನೋ ಚೆನ್ನಾಗಿಯೇ ನಡೆಯಿತು. ಮೂರನೆಯ ವಾರ ರಾತ್ರಿ ಪೆಟ್ಟಿಗೆಯೊಳಗಿಂದ ಪಟ್ಟೆಂಬ ಶಬ್ದ ಬಂದಿತು. ತೆರೆದು ನೋಡಿದರೆ ಕುದುರೆಯು ಹಲಗೆಯ ಒಂದು ಚಕ್ಕೆಯನ್ನೂ ಕಿತ್ತುಕೊಂಡು ತಂತಿಗಳಲ್ಲಿ ತೂಗುತ್ತಿತ್ತು. ತಂದುಕೊಟ್ಟವರಿಗೆ ಆ ಸಂಗತಿಯನ್ನು ಹೇಳುವ ಧೈರ್ಯ ನಮಗೆ ಕೊನೆಯವರೆಗೂ ಬರಲಿಲ್ಲ.

ವಿದೇಶದಿಂದ ತರುವ ತಂದೆಗೆ ಮತ್ತೊಂದು ಸಂದೇಹವಿತ್ತು: ಬೀಟೆಯ ವಸ್ತುವನ್ನು ಗಡಿಯಲ್ಲಿ ತಡೆಯುವರೇ? ಬೀಟೆಯ ಜಾತಿಯ ಎಲ್ಲ ಮರಗಳನ್ನೂ 2017ರಲ್ಲಿ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಡಿಸಿದ್ದು ನಿಜ. ಆದರೆ ಸಿದ್ಧ ಸಂಗೀತವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ದೊರೆತಿದೆ. ಬ್ರೆಜಿಲ್ ಬೀಟೆಗೆ ಮಾತ್ರ ಇದು ಅನ್ವಯಿಸದು. ಆದುದರಿಂದ ಯಾವ ಮರವೆಂಬುದನ್ನು ರಸೀದಿಯಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಳ್ಳುವುದು ಜಾಣತನ.

"ಹಾಗಾದರೆ ಕೊಳ್ಳುವುದೇ ಬೇಡವೇ, ಮಾಸ್ಟ್ರೇ?" ಎಂದು ಹುಡುಗ ಮುಖ ಬಾಡಿಸಿ ಕೇಳಿದ. ಬೇಡವೆನ್ನಲಿಲ್ಲ. ಗಟ್ಟಿ ಪೆಟ್ಟಿಗೆ, ತೇವ ಹೀರುವ ಸಿಲಿಕಾ ಪೊಟ್ಟಣಗಳು, ತೇವವನ್ನು ಅಳೆಯುವ ಪುಟ್ಟ ಮಾಪಕ, ಈ ಮೂರೂ ವಾದ್ಯಕ್ಕೆ ಮೊದಲೇ ಮನೆಗೆ ಬರಲಿ ಎಂದೆವು. ತಂದೆಯವರು ಮಾಪಕವನ್ನು ಮರುದಿನವೇ ಉಡುಪಿಯಿಂದ ತಂದರಂತೆ. ಹುಡುಗ ಅದನ್ನು ತನ್ನ ಕೋಣೆಯ ಕಪಾಟಿನಲ್ಲಿಟ್ಟು, ಬೆಳಿಗ್ಗೆ ಸಂಜೆ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಿದ್ದಾನೆ. ಖರೀದಿ ಕ್ರಿಸ್ಮಸ್ ರಜೆಗೆ ಎಂದು ತೀರ್ಮಾನವಾಗಿದೆ.