ಚಿತ್ರಾವತಿ ಎಲ್ಲಿದೆ?

ಪೆರೇಸಂದ್ರದ ಭಕ್ತರೊಬ್ಬರ ಮನೆಯ ಗೃಹಪ್ರವೇಶಕ್ಕೆ ನಾವು ಈಚೆಗೆ ಹೋಗಿದ್ದೆವು. ಪ್ರಸಾದವಾದ ಮೇಲೆ ಆ ಮನೆಯ ಹುಡುಗ, ಆರನೆಯ ತರಗತಿಯವನು, ಪುಸ್ತಕ ಹಿಡಿದು ಬಳಿಗೆ ಬಂದ. "ತಾತ, ಚಿತ್ರಾವತಿ ನಮ್ಮ ಕಡೆಯ ನದಿ ಅಂತ ಬರೆದಿದೆ. ಅದು ಎಲ್ಲಿದೆ?" ಎಂದು ಕೇಳಿದ. ಶಾಸ್ತ್ರದ ಪ್ರಶ್ನೆಗೆ ಉತ್ತರ ಹೇಳಿ ರೂಢಿಯಾದ ನಮಗೆ ಈ ಪ್ರಶ್ನೆಗೆ ಥಟ್ಟನೆ ಉತ್ತರ ತೋಚಲಿಲ್ಲ. ಮರುದಿನ ಅವನನ್ನು ಕರೆದುಕೊಂಡು ಬಸ್ಸು ಹತ್ತಿ ಬಾಗೇಪಲ್ಲಿಗೆ ಹೋದೆವು. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಬರಿಯ ಮರಳು, ಕಲ್ಲು, ಸೀಮೆಜಾಲಿಯ ಪೊದೆ. ಕುರಿ ಕಾಯುತ್ತಿದ್ದ ಮುದುಕರೊಬ್ಬರನ್ನು ವಿಚಾರಿಸಿದೆವು. "ಇದೇ ಹೊಳೆ ಸ್ವಾಮಿ. ನೀರಿಲ್ಲ, ಅಷ್ಟೇ" ಎಂದರು.

ನೀರಿಲ್ಲದ ಹೊಳೆಗೂ ಒಂದು ಚರಿತ್ರೆಯುಂಟು. ಅದು ನಂದಿಬೆಟ್ಟದ ಸಾಲಿನಿಂದ ಆರಂಭವಾಗುತ್ತದೆ. ನಂದಿ ದುರ್ಗದ ಎತ್ತರ 1,478 ಮೀಟರ್. ಅದರ ಸುತ್ತ ಚನ್ನಗಿರಿ, ಸ್ಕಂದಗಿರಿ ಎನಿಸುವ ಕಳವಾರ ದುರ್ಗ, ಬ್ರಹ್ಮಗಿರಿ, ದಿವ್ಯಗಿರಿಗಳು ನಿಂತಿವೆ. ಈ ಬೆಟ್ಟಗಳ ನೆತ್ತಿಯ ಮೇಲೆ ಬಿದ್ದ ಮಳೆಗೆ ಒಂದೇ ದಾರಿಯಿಲ್ಲ. ಅರ್ಕಾವತಿ ದಕ್ಷಿಣಕ್ಕಿಳಿದು ಕಾವೇರಿಯನ್ನು ಸೇರುತ್ತಾಳೆ. ದಕ್ಷಿಣ ಪಿನಾಕಿನಿ ತಮಿಳುನಾಡನ್ನು ಹಾಯ್ದು ಕಡಲೂರಿನ ಬಳಿ ಸಮುದ್ರವನ್ನು ಕಾಣುತ್ತಾಳೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹರಿದು, ಆಂಧ್ರದಲ್ಲಿ ಪೆನ್ನಾ ಎಂಬ ಹೆಸರಿನಿಂದ, ಒಟ್ಟು 597 ಕಿಲೋಮೀಟರ್ ಸಾಗಿ ನೆಲ್ಲೂರು ಸೀಮೆಯಲ್ಲಿ ಕಡಲನ್ನು ಕೂಡುತ್ತಾಳೆ. ಪಾಪಘ್ನಿ, ಚಿತ್ರಾವತಿಗಳು ಆ ಪೆನ್ನೆಯ ಉಪನದಿಗಳು. ಪಿನಾಕವೆಂದರೆ ಶಿವನ ಬಿಲ್ಲು. ಒಂದೇ ಬಿಲ್ಲಿನ ಹೆಸರು ಹೊತ್ತ ಎರಡು ನದಿಗಳು ಒಂದೇ ಬೆಟ್ಟಸಾಲಿನಿಂದ ಹೊರಟು ಒಂದು ಬಡಗಲಿಗೂ ಇನ್ನೊಂದು ತೆಂಕಲಿಗೂ ಹೋಗುವುದನ್ನು ಹಿರಿಯರು ಗಮನಿಸಿಯೇ ಹೆಸರಿಟ್ಟಿರಬೇಕು.

ನಮ್ಮ ಚಿತ್ರಾವತಿ ಹುಟ್ಟುವುದು ಚಿಕ್ಕಬಳ್ಳಾಪುರದ ಹರಿಹರೇಶ್ವರ ಬೆಟ್ಟದ ಕಡೆ. ಪೆರೇಸಂದ್ರದ ಸೀಮೆಯ ಹಳ್ಳಗಳನ್ನು ಕೂಡಿಸಿಕೊಂಡು ಬಾಗೇಪಲ್ಲಿಯ ಮೂಲಕ ಉತ್ತರಕ್ಕೆ ಹೊರಡುತ್ತಾಳೆ. ಗಡಿಯಾಚೆ ಬುಕ್ಕರಾಯನ ಹೆಸರು ಹೊತ್ತ ಬುಕ್ಕಪಟ್ಟಣದ ಕೆರೆ, ಪುಟ್ಟಪರ್ತಿ ಇವೆಲ್ಲ ಅವಳ ದಡದ ಊರುಗಳು. ಕೊನೆಗೆ ಗಂಡಿಕೋಟೆಯ ಸಮೀಪ ಪೆನ್ನೆಯಲ್ಲಿ ಒಂದಾಗುತ್ತಾಳೆ. ದಾರಿಯಲ್ಲಿ ಪಾರ್ನಪಲ್ಲಿಯ ಹತ್ತಿರ ಅವಳ ಹೆಸರಿನದೇ ದೊಡ್ಡ ಜಲಾಶಯವಿದೆ. ಅದನ್ನು ತುಂಬಿಸಲು ತುಂಗಭದ್ರೆಯ ನೀರನ್ನು ಕಾಲುವೆಯಲ್ಲಿ ತರಬೇಕಾಯಿತೆಂದರೆ ಈ ಹೊಳೆಯ ಸ್ಥಿತಿ ಓದುಗ ಬಂಧುಗಳಿಗೆ ತಿಳಿದೀತು.

ತುಂಗೆ, ಶರಾವತಿಗಳ ಹಾಗೆ ಈ ಬೆಟ್ಟದ ನದಿಗಳು ವರ್ಷವಿಡೀ ಏಕೆ ಹರಿಯುವುದಿಲ್ಲ? ಮಲೆನಾಡಿನ ದಟ್ಟ ಕಾಡು ಮಳೆಯನ್ನು ಹೀರಿ ಹಿಡಿದಿಟ್ಟು ತಿಂಗಳುಗಟ್ಟಲೆ ಜಿನುಗಿಸುತ್ತದೆ. ಇಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಅದರಲ್ಲಿಯೂ ಹೆಚ್ಚಿನದು ಭಾದ್ರಪದ, ಆಶ್ವಯುಜಗಳ ಕೆಲವೇ ದಿನಗಳಲ್ಲಿ ಬರುತ್ತದೆ. ಬೋಳುಬಂಡೆಯ ಮೇಲೆ ಬಿದ್ದ ನೀರು ಗಳಿಗೆಯೊಳಗೆ ಇಳಿದು ಹೋಗುತ್ತದೆ. ಇದನ್ನು ಕಂಡೇ ನಮ್ಮ ಪೂರ್ವಿಕರು ನದಿಯನ್ನು ನಂಬದೆ ಕೆರೆಯನ್ನು ನಂಬಿದರು. ಪೆರೇಸಂದ್ರದ 'ಸಂದ್ರ' ಎಂಬುದು 'ಸಮುದ್ರ'ದ ರೂಪಾಂತರ. ಸಮುದ್ರವೆಂದರೆ ಹಿರಿಯ ಕೆರೆ. ಕಡಲನ್ನೇ ಕಾಣದ ನಾಡಿನಲ್ಲಿ ಇಷ್ಟೊಂದು ಸಂದ್ರಗಳಿರುವುದರ ಗುಟ್ಟು ಇದು.

ಈ ಕೆರೆಗಳು ಬಿಡಿಬಿಡಿಯಾದವುಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಅದೂ ತುಂಬಿದರೆ ಅದರಿಂದ ಕೆಳಗಿನದಕ್ಕೆ. ಎಲ್ಲ ಕೆರೆಗಳೂ ಕುಡಿದು ಮಿಕ್ಕ ನೀರೇ ಹೊಳೆ. ಏರಿ, ತೂಬು, ಅಚ್ಚುಕಟ್ಟುಗಳ ಮೇಲೆ ಕಣ್ಣಿಟ್ಟು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸಲು ನೀರಗಂಟಿಯಿರುತ್ತಿದ್ದ. ಅವನು ತನ್ನ ನಂಟರಿಗೆ ಒಂದು ಗಳಿಗೆ ಹೆಚ್ಚು ಬಿಟ್ಟರೂ ಊರು ಸುಮ್ಮನಿರುತ್ತಿರಲಿಲ್ಲ. ಕೆರೆ ಕಟ್ಟಿಸುವುದು ಕಾಯಕವೂ ಹೌದು, ದಾಸೋಹವೂ ಹೌದು ಎಂಬುದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರಿಗಿಂತ ಬೇರೆ ಸಾಕ್ಷಿ ನಮ್ಮವರಿಗೆ ಬೇಕಾಗಿಲ್ಲ. ಅಣೆಕಟ್ಟುಗಳ ಹೆಸರಿನೊಡನೆ ನೆನೆಯುವ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯೂ ಈ ಬೆಟ್ಟಗಳ ಬುಡದಲ್ಲೇ ಇದೆ. ತುಂಬಿ ಹರಿಯುವ ನದಿಯಿಲ್ಲದ ಊರಿನ ಮಗುವಿಗೆ ನೀರಿನ ಬೆಲೆ ತಿಳಿದದ್ದು ಆಶ್ಚರ್ಯವಲ್ಲ.

ಹೊಳೆ ಬತ್ತಿದ್ದರೂ ಅದರ ಮೇಲಿನ ವ್ಯಾಜ್ಯ ಬತ್ತಲಿಲ್ಲ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ನದಿನೀರಿನ ಒಪ್ಪಂದವಾಯಿತು. ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಕೂಡದೆಂದು ಹೆಸರಿಸಿದ ಮುಖ್ಯ ನದಿಗಳ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆಗಳ ಜತೆಗೆ ಚಿತ್ರಾವತಿ, ಪಾಪಘ್ನಿ, ಎರಡೂ ಪಿನಾಕಿನಿಗಳು ಸೇರಿವೆ. ಮುಂದೆ ಬಾಗೇಪಲ್ಲಿಯ ಪರಗೋಡಿನಲ್ಲಿ ಕುಡಿಯುವ ನೀರಿಗಾಗಿ ಅಡ್ಡಗಟ್ಟೆ ಕಟ್ಟಹೊರಟಾಗ ಆಂಧ್ರದ ಕಡೆಯಿಂದ ಬಲವಾದ ಆಕ್ಷೇಪಣೆ ಬಂದಿತು. ಕೆಳಗಿನವರದೂ ಬಾಯಾರಿಕೆಯೇ, ಅವರನ್ನು ದೂರುವ ಮನಸ್ಸು ನಮಗಿಲ್ಲ.

ಇನ್ನು ಜೀವರಾಶಿಯ ಮಾತು. ನೀರಿಲ್ಲದ ಕಡೆ ಏನಿದ್ದೀತು ಎಂಬ ತಾತ್ಸಾರ ಸಲ್ಲದು. ಹಳದಿ ಕತ್ತಿನ ಪಿಕಳಾರವೆಂಬ ಹಕ್ಕಿ ದಕ್ಷಿಣ ಭಾರತದ ಕಲ್ಲುಗುಡ್ಡದ ಕುರುಚಲಿನಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ; ಅದನ್ನು ನೋಡಲು ದೂರದೇಶದವರು ನಂದಿಬೆಟ್ಟಕ್ಕೆ ಬರುತ್ತಾರೆ. ಬಂಡೆಗಳ ಸಂದಿಯಲ್ಲಿ ಚಿರತೆ, ಕರಡಿಗಳಿವೆ. ರಾತ್ರಿಯ ಹೊತ್ತು ದೊಡ್ಡ ಕಣ್ಣು ಬಿಟ್ಟು ಕೊಂಬೆ ಹಿಡಿದು ನಿಧಾನವಾಗಿ ಸರಿಯುವ ಕಾಡುಪಾಪವೂ ಈ ಒಣನಾಡಿನದೇ. ಮೊದಲ ಮಳೆಗೆ ಕಪ್ಪೆಗಳು ಎಲ್ಲಿಂದಲೋ ಉದುರಿದಂತೆ ಕಾಣಿಸುತ್ತವೆ. ಅವು ಬೇಸಗೆಯನ್ನೆಲ್ಲ ನೆಲದೊಳಗೆ ಹುದುಗಿ ಕಳೆದಿರುತ್ತವೆ. ಕೊರವ ಮೀನು ಸಹ ಕೆಸರಿನಲ್ಲಿ ಅಡಗಿ ನೀರಿಗಾಗಿ ಕಾಯಬಲ್ಲುದು. ಗಡಿಯಾಚೆ, ಬಾಗೇಪಲ್ಲಿಗೆ ದೂರವಲ್ಲದ ವೀರಾಪುರದಲ್ಲಿ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಅಂಗಳವೆಲ್ಲ ಹಿಕ್ಕೆಯಾದರೂ ಊರವರು ಅವುಗಳ ಮೇಲೆ ಕಲ್ಲೆತ್ತುವುದಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ.

ಹಾಗಾದರೆ ಕೆಟ್ಟದ್ದೆಲ್ಲಿ? ಕೊಳವೆಬಾವಿ ಬಂದ ಮೇಲೆ ಕೆರೆಯ ಕಡೆಗೆ ನೋಡುವವರು ಕಡಿಮೆಯಾದರು. ಸಾವಿರ ಅಡಿ ದಾಟಿ ಕೊರೆದರು. ಬಂದ ನೀರಿನಲ್ಲಿ ಫ್ಲೋರೈಡ್ ಬೆರೆತು ಮಕ್ಕಳ ಹಲ್ಲು ಕಂದಿತು, ದೊಡ್ಡವರ ಮೂಳೆ ಬಾಗಿತು. ನೀರು ಹೀರುವ ನೀಲಗಿರಿಯನ್ನು ಹೊಸದಾಗಿ ನೆಡಕೂಡದೆಂದು ಸರ್ಕಾರ 2017ರಲ್ಲಿ ಆದೇಶಿಸುವ ಹೊತ್ತಿಗೆ ಗುಡ್ಡಗಳ ತಪ್ಪಲೆಲ್ಲ ಅದೇ ನಿಂತಿತ್ತು. ಹೊಳೆಯ ಮರಳು ಲಾರಿಯೇರಿ ಪಟ್ಟಣ ಸೇರಿತು. ಮರಳಿದ್ದಾಗ ಅದರೊಳಗೆ ಗುಂಡಿ ತೋಡಿ ತಲಪರಿಗೆಯ ಸಿಹಿನೀರನ್ನು ಮೊಗೆಯಬಹುದಾಗಿತ್ತು. ನೀರು ಹುಟ್ಟುವ ಗುಡ್ಡಗಳೇ ಜಲ್ಲಿಯಾಗುತ್ತಿವೆ. 2021ರ ಫೆಬ್ರವರಿಯಲ್ಲಿ ಪೆರೇಸಂದ್ರಕ್ಕೆ ಹತ್ತಿರದ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಗೆಂದು ತಂದ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಆಗ ಮಾತ್ರ ನಾಡು ಈ ಗುಡ್ಡಗಳತ್ತ ಒಮ್ಮೆ ತಿರುಗಿ ನೋಡಿತು.

ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಪಶ್ಚಿಮಘಟ್ಟದ ಎತ್ತಿನಹೊಳೆಯನ್ನು ಈ ಬಯಲಿಗೆ ತರುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ತುಂಬಿದ ಕೆರೆಯನ್ನು ಕಂಡು ರೈತ ಹಿಗ್ಗುವುದು ಸಹಜ. ಆದರೆ ಕೊಳಚೆ ನೀರನ್ನು ಇನ್ನೂ ಒಂದು ಹಂತ ಶುದ್ಧಿಮಾಡಿ ಕೊಡಿರೆಂಬ ಇಲ್ಲಿಯವರ ಬೇಡಿಕೆ ನ್ಯಾಯವಾದುದು. ಜತೆಗೆ ನಮ್ಮದೊಂದು ಮಾತು: ಎಲ್ಲಿಂದ ನೀರು ತಂದರೂ ಅದು ನಿಲ್ಲಬೇಕಾದದ್ದು ಇದೇ ಕೆರೆಗಳಲ್ಲಿ, ಸಾಗಬೇಕಾದದ್ದು ಇದೇ ರಾಜಕಾಲುವೆಗಳಲ್ಲಿ. ಕಾಲುವೆಯನ್ನು ಉತ್ತು ತನ್ನ ಹೊಲಕ್ಕೆ ಸೇರಿಸಿಕೊಂಡವರಲ್ಲಿ ನಮ್ಮ ಸಮಾಜದ ಬಂಧುಗಳೂ ಇದ್ದಾರೆ. ಇದನ್ನು ಬರೆಯಲು ನಮಗೆ ಸಂತೋಷವಿಲ್ಲ.

ಸಂಜೆ ಮನೆಗೆ ಮರಳಿದಾಗ ಹುಡುಗನ ಮುಖ ಬಾಡಿತ್ತು. ಅವನ ಅಜ್ಜಿ ನಕ್ಕು, 2021ರ ನವೆಂಬರಿನ ಮಳೆಯನ್ನು ನೆನಪಿಸಿದರು. ಆ ಕಾರ್ತೀಕದಲ್ಲಿ ಎಷ್ಟೋ ವರ್ಷ ತುಂಬದ ಕೆರೆಗಳೂ ಕೋಡಿಬಿದ್ದವು. ಚಿತ್ರಾವತಿ ದಡ ಮೀರಿ ಹರಿದಳು. ಅನಂತಪುರದ ಸೀಮೆಯಲ್ಲಿ ಅವಳ ನಡುವೆ ಸಿಕ್ಕಿಕೊಂಡ ಹತ್ತು ಜನರನ್ನು ವಾಯುಸೇನೆಯ ಹೆಲಿಕಾಪ್ಟರ್ ಎತ್ತಿ ಉಳಿಸಬೇಕಾಯಿತು. "ನೀನಾಗ ಚಿಕ್ಕವನು. ರಾತ್ರಿಯೆಲ್ಲ ಕೋಡಿಯ ಸದ್ದು, ನಿದ್ದೆಯೇ ಬರಲಿಲ್ಲ. ಬೆಳಗಾಗೆದ್ದು ಅರಿಶಿನ ಕುಂಕುಮ ತಗೊಂಡು ಗಂಗಮ್ಮನ ಪೂಜೆಗೆ ಹೋದ್ವಿ. ನಿನ್ನನ್ನೂ ಕರ್ಕೊಂಡು ಹೋಗಿದ್ದೆ" ಎಂದರು.

"ನಾನು ನೋಡಿದ್ದೀನಾ ಹಾಗಾದ್ರೆ?" ಎಂದು ಹುಡುಗ ಪುಸ್ತಕ ಮಡಚಿಟ್ಟು ಅಜ್ಜಿಯ ಪಕ್ಕದಲ್ಲಿ ಕುಳಿತ.