ಮಹಾದ್ವಾರವೋ, ಮೇಷ್ಟ್ರ ಸಂಬಳವೋ?

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯ ಕನ್ನಡ ಪುಟಗಳಿಗೆ ಪೋಷಕರೂ ಏನಾದರೂ ಬರೆದುಕೊಡಬೇಕೆಂದು ಮಕ್ಕಳು ಕೇಳಿದರು. ಊರಿನ ಹಬ್ಬ, ಮರುಭೂಮಿಯ ಮಳೆ ಇವುಗಳ ಬಗ್ಗೆ ಈಗಾಗಲೇ ಸಾಕಷ್ಟು ಬಂದಿವೆ. ಆದ್ದರಿಂದ ನಾವು, ಅಂದರೆ ದುಬೈ ಮತ್ತು ಅಬುಧಾಬಿಯಲ್ಲಿ ನೆಲೆಸಿರುವ, ಕರಾವಳಿಯ ಒಂದೇ ಸಣ್ಣ ಪದವಿ ಕಾಲೇಜಿನಲ್ಲಿ ಓದಿದ ಆರು ಕುಟುಂಬದವರು, ಬೇರೆಯೇ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಕಷ್ಟದ ವರ್ಷ ಬಂದಾಗ ಒಂದು ಸಣ್ಣ ಕಾಲೇಜಿಗೆ ಅದರ ಹಳೆ ವಿದ್ಯಾರ್ಥಿಗಳು ಹೇಗೆ ನೆರವಾಗಬಹುದು, ನೆರವಾಗಲು ಹೋಗಿ ಎಲ್ಲಿ ಎಡವಬಹುದು ಎಂಬುದೇ ಆ ವಿಷಯ. ಎಡವಿದವರು ನಾವೇ ಆದ್ದರಿಂದ ಸ್ವಲ್ಪ ಅಧಿಕಾರದಿಂದಲೇ ಹೇಳಬಲ್ಲೆವು.

ಕಾಲೇಜಿನ ಹೆಸರು ಇಲ್ಲಿ ಬೇಡ. ತಾಲ್ಲೂಕು ಕೇಂದ್ರದ ಹೊರಗೆ, ಗುಡ್ಡದ ಮೇಲೆ, ಗೇರುಮರಗಳ ನಡುವೆ ಇರುವ ಹೆಂಚಿನ ಕಟ್ಟಡ ಎಂದರೆ ಸಾಕು. ಅಂಥವು ನಮ್ಮ ಕಡೆ ಬೇಕಾದಷ್ಟಿವೆ. ಅದರ ವಾರ್ಷಿಕೋತ್ಸವದ ಹೊತ್ತಿಗೆ ದೊಡ್ಡದೊಂದು ಮಹಾದ್ವಾರ ಕಟ್ಟಿಸಬೇಕೆಂದು ನಾವು 2019ರಲ್ಲೇ ತೀರ್ಮಾನಿಸಿದ್ದೆವು. ಈಗ ಅಲ್ಲಿರುವುದು ಎರಡು ಕೆಂಪುಕಲ್ಲಿನ ಕಂಬ, ಅಷ್ಟೆ. ಗ್ರಾನೈಟ್ ಫಲಕದಲ್ಲಿ ನಮ್ಮೆಲ್ಲರ ಹೆಸರು ಯಾವ ಕ್ರಮದಲ್ಲಿ ಬರಬೇಕೆಂಬ ಚರ್ಚೆಯೂ ಮುಗಿದಿತ್ತು. ಅಷ್ಟರಲ್ಲಿ 2020 ಬಂತು.

ಆ ವರ್ಷವನ್ನು ಈಗಿನ ಸಣ್ಣ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು. ಕೊರೋನಾ ಕಾರಣದಿಂದ ಮಾರ್ಚ್ 8ರಿಂದ ಇಲ್ಲಿನ ಶಾಲೆಗಳು ಮುಚ್ಚಿದವು. ಮಾರ್ಚ್ 22ರಿಂದ ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮುಂದೆ ಪಾಠ. ಕರ್ನಾಟಕದಲ್ಲಿ ಮಾರ್ಚ್ ಮಧ್ಯದಲ್ಲಿ ಬಾಗಿಲು ಹಾಕಿದ ಪದವಿ ಕಾಲೇಜುಗಳು ಮತ್ತೆ ತೆರೆಯತೊಡಗಿದ್ದು ನವೆಂಬರ್ 17ಕ್ಕೆ. ನಮ್ಮಲ್ಲೂ ಇಬ್ಬರಿಗೆ ಸಂಬಳ ಕಡಿತವಾಯಿತು, ಒಬ್ಬರ ಕೆಲಸವೇ ಹೋಯಿತು. ದುಬೈಯಿಂದ ಮಂಗಳೂರಿಗೆ ವಂದೇ ಭಾರತ್ ಯೋಜನೆಯ ಮೊದಲ ವಿಮಾನ ಮೇ 12ರಂದು ಹೊರಟಿತಲ್ಲ, ಕೆಲಸ ಕಳೆದುಕೊಂಡ ನಮ್ಮ ಗೆಳೆಯ ಊರಿಗೆ ಮರಳಿದ್ದು ಅದಾದ ಕೆಲವೇ ವಾರಗಳಲ್ಲಿ. ಮಹಾದ್ವಾರದ ನಕ್ಷೆ ಬಿಡಿಸಿದ್ದವನೂ ಅವನೇ.

ದ್ವಾರದ ಕೆಲಸವನ್ನು ಮುಂದೂಡೋಣವೇ ಎಂದು ಕೇಳಲು ಕಾಲೇಜಿನ ಕಚೇರಿಗೆ ಫೋನ್ ಮಾಡಿದೆವು. ಕಚೇರಿಯ ಹಿರಿಯ ಗುಮಾಸ್ತರು, ನಮ್ಮ ಕಾಲದಿಂದಲೂ ಇರುವವರು, ಎಂದೂ ಏನನ್ನೂ ಕೇಳಿದವರಲ್ಲ. ಅವತ್ತು ಹೇಳಿದರು: "ದ್ವಾರ ಇನ್ನು ಹತ್ತು ವರ್ಷ ಬಿಟ್ಟು ಕಟ್ಟಿದರೂ ಆಗ್ತದೆ. ಅತಿಥಿ ಉಪನ್ಯಾಸಕರಿಗೆ ಮಾರ್ಚಿನ ನಂತರ ಏನೂ ಕೊಡ್ಲಿಕ್ಕೆ ಆಗಲಿಲ್ಲ. ಅದಕ್ಕೆ ಏನಾದರೂ ದಾರಿ ಉಂಟಾ ನೋಡಿ." ನಮ್ಮಲ್ಲಿ ಒಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಕಾಲೇಜು ಎಂದರೆ ಸರ್ಕಾರ ಸಂಬಳ ಕೊಡುತ್ತದೆ ಎಂದೇ ನಾವು ತಿಳಿದಿದ್ದೆವು. ಅದು ಅರ್ಧ ಸತ್ಯ. ಅನುದಾನಿತ ಕಾಲೇಜಿನಲ್ಲಿ ಮಂಜೂರಾದ ಹುದ್ದೆಗಳಿಗೆ ಮಾತ್ರ ಸರ್ಕಾರದ ಸಂಬಳ. ಆ ಹುದ್ದೆಯಲ್ಲಿದ್ದವರು ನಿವೃತ್ತರಾದ ಮೇಲೆ ಹೊಸಬರ ನೇಮಕಾತಿಗೆ ಅನುಮತಿ ಸಿಗುವವರೆಗೆ ಜಾಗ ಖಾಲಿ. ಪಾಠ ನಿಲ್ಲುವಂತಿಲ್ಲ, ಹಾಗಾಗಿ ಆಡಳಿತ ಮಂಡಳಿ ತನ್ನ ಲೆಕ್ಕದಲ್ಲಿ ಅತಿಥಿ ಉಪನ್ಯಾಸಕರನ್ನು ಇಟ್ಟುಕೊಳ್ಳುತ್ತದೆ. ಅನುದಾನವಿಲ್ಲದ ಹೊಸ ವಿಭಾಗಗಳದ್ದೂ ಇದೇ ಕಥೆ. ಈ ಸಂಬಳವೆಲ್ಲ ಬರುವುದು ಮಕ್ಕಳ ಶುಲ್ಕದಿಂದ. ಪ್ರವೇಶ ತಡವಾದರೆ ಶುಲ್ಕ ತಡ, ತಂದೆಯ ಕೂಲಿ ನಿಂತರೆ ಶುಲ್ಕವೇ ಇಲ್ಲ. ಹಾಸ್ಟೆಲ್ ಮುಚ್ಚಿತ್ತು, ಸಭಾಂಗಣವನ್ನು ಮದುವೆಗೆ ಬಾಡಿಗೆಗೆ ಕೊಡುವುದೂ ನಿಂತಿತ್ತು. ದೊಡ್ಡ ಸಂಸ್ಥೆಗಳಿಗೆ ಒಂದು ವರ್ಷ ತಡೆದುಕೊಳ್ಳುವ ಗಂಟು ಇರುತ್ತದೆ. ಸಣ್ಣ ಕಾಲೇಜು ಜೂನ್‌ನಿಂದ ಜೂನ್‌ಗೆ ಬದುಕುವ ಸಂಸಾರ.

ಹಾಗಾದರೆ ಕಾಲೇಜಿಗೆ ದತ್ತಿನಿಧಿ ಇರಲಿಲ್ಲವೇ? ಇತ್ತು. ಗಣಿತದಲ್ಲಿ ಮೊದಲಿಗರಾದವರಿಗೆ ಬಹುಮಾನ, ಯಾರದೋ ತೀರ್ಥರೂಪರ ಹೆಸರಿನಲ್ಲಿ ಉಪನ್ಯಾಸ, ಹೀಗೆ. ಕೊಟ್ಟವರು ಯಾವುದಕ್ಕೆಂದು ಬರೆದುಕೊಟ್ಟರೋ ಅದಕ್ಕೇ ಆ ಹಣ ಸಲ್ಲಬೇಕು, ಮೇಷ್ಟ್ರ ಮನೆಯ ಅಕ್ಕಿಗೆ ಅದನ್ನು ಮುಟ್ಟುವಂತಿಲ್ಲ.

ಈ ವಿಷಯ ಚೆನ್ನಾಗಿ ಅರ್ಥವಾಗಬೇಕಾದರೆ ಅಮೆರಿಕದ ಒಂದು ಸಣ್ಣ ಕಾಲೇಜಿನ ಕಥೆ ಕೇಳಬೇಕು. ವರ್ಜೀನಿಯಾ ರಾಜ್ಯದಲ್ಲಿ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜಿದೆ. ತೀರಿಹೋದ ಮಗಳ ನೆನಪಿಗಾಗಿ ಇಂಡಿಯಾನಾ ಫ್ಲೆಚರ್ ವಿಲಿಯಮ್ಸ್ ಎಂಬ ತಾಯಿ ಬರೆದಿಟ್ಟ ಉಯಿಲಿನಂತೆ 1901ರಲ್ಲಿ ಸ್ಥಾಪನೆಯಾದದ್ದು. ಸುಮಾರು 3,200 ಎಕರೆ ಜಾಗ, ಎಂಟು ಕೋಟಿ ಡಾಲರಿಗೂ ಮಿಕ್ಕ ದತ್ತಿನಿಧಿ. ಆದರೂ 2015ರ ಮಾರ್ಚ್ 3ರಂದು ಅದರ ಆಡಳಿತ ಮಂಡಳಿ, ಆ ಬೇಸಿಗೆಯ ಕೊನೆಗೆ ಕಾಲೇಜನ್ನು ಶಾಶ್ವತವಾಗಿ ಮುಚ್ಚುವುದಾಗಿ ಘೋಷಿಸಿತು. ವಿದ್ಯಾರ್ಥಿನಿಯರ ಸಂಖ್ಯೆ ಇಳಿಯುತ್ತಿತ್ತು, ದತ್ತಿಯ ಬಹುಭಾಗ ಷರತ್ತಿನ ಹಣವಾಗಿತ್ತು. ಅಷ್ಟು ಸಂಪತ್ತಿದ್ದೂ ಕೈಗೆ ಸಿಗುವ ಕಾಸು ಕಡಿಮೆ.

ಹಳೆ ವಿದ್ಯಾರ್ಥಿನಿಯರು ಅಳುತ್ತ ಕೂರಲಿಲ್ಲ. ಒಂದು ಸಂಘ ಕಟ್ಟಿದರು, ವಕೀಲರನ್ನು ಹಿಡಿದರು, ಊರೂರಿನ ಗೆಳತಿಯರಿಂದ ವಾಗ್ದಾನ ಪಡೆದರು. ಆ ಕೌಂಟಿಯ ಸರ್ಕಾರಿ ವಕೀಲರೂ ನ್ಯಾಯಾಲಯಕ್ಕೆ ಹೋದರು. ಜೂನ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಅವರ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಆಡಳಿತ ಮಂಡಳಿಯ ಬಹುಪಾಲು ಸದಸ್ಯರೂ ಅಧ್ಯಕ್ಷರೂ ಬದಲಾದರು. ಸಂಘವು ಕಾಲೇಜಿನ ಆ ವರ್ಷದ ಖರ್ಚಿಗೆ 1.2 ಕೋಟಿ ಡಾಲರ್ ಒದಗಿಸಬೇಕು, ದತ್ತಿನಿಧಿಯಲ್ಲಿ 1.6 ಕೋಟಿ ಡಾಲರಿನ ಷರತ್ತು ಸಡಿಲಿಸಬೇಕು ಎಂದು ಒಪ್ಪಂದ. ಅವರು ಗಡುವಿನೊಳಗೆ ಹಣ ತಲುಪಿಸಿದರು. ಆಗಸ್ಟ್‌ನಲ್ಲಿ ಕಾಲೇಜು ತೆರೆದಾಗ ಬಂದವರು ಸುಮಾರು 240 ವಿದ್ಯಾರ್ಥಿನಿಯರು, ಹಿಂದಿನದರ ಅರ್ಧಕ್ಕಿಂತ ಕಡಿಮೆ. ಆದರೂ ತೆರೆಯಿತು. ಇದಕ್ಕೂ ಮೊದಲು ಒಹಾಯೋದ ಆಂಟಿಯೋಕ್ ಕಾಲೇಜು 2008ರಲ್ಲಿ ಮುಚ್ಚಿಹೋಗಿ, ಹಳೆ ವಿದ್ಯಾರ್ಥಿಗಳೇ ಅದನ್ನು ಕೊಂಡುಕೊಂಡು 2011ರಲ್ಲಿ 35 ಮಂದಿ ವಿದ್ಯಾರ್ಥಿಗಳೊಂದಿಗೆ ಮತ್ತೆ ಆರಂಭಿಸಿದ್ದೂ ಉಂಟು.

ಡಾಲರಿನ ಲೆಕ್ಕ ಕೇಳಿ ಗಾಬರಿಯಾಗಬೇಡಿ. ಹಣವೇ ಇಲ್ಲದ ಹಳೆ ವಿದ್ಯಾರ್ಥಿ ಏನು ಕೊಡಬಹುದೆಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ 1935ರಲ್ಲಿ, ಬಸ್ಸಿಗೆ ದುಡ್ಡಿಲ್ಲದೆ, ಸುಮಾರು 85 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದು ಬೆಂಗಳೂರು ಸೇರಿದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದೇ ಸಂಸ್ಥೆಯವರು 1945ರಲ್ಲಿ ಆರಂಭಿಸಿದ ನ್ಯಾಷನಲ್ ಕಾಲೇಜಿಗೆ ಮರುವರ್ಷವೇ ಅಧ್ಯಾಪಕನಾಗಿ ಬಂದ. ಅವರೇ ಡಾ. ಎಚ್. ನರಸಿಂಹಯ್ಯ. ಮುಂದೆ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಪದ್ಮಭೂಷಣರಾದರು. ವಾಸ ಮಾತ್ರ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಆ ಸಂಸ್ಥೆಗೇ ದುಡಿದರು. ಅವರ ಆತ್ಮಕಥೆ 'ಹೋರಾಟದ ಹಾದಿ' ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಮುಂದಿನ ರಜೆಯಲ್ಲಿ ಊರಿಂದ ತನ್ನಿ, ಮಕ್ಕಳೇ. ಎಲ್ಲರೂ ಹಾಗೆ ಬದುಕಲಾರರು, ನಾವಂತೂ ಇಲ್ಲ. ಆದರೆ ಹಳೆ ವಿದ್ಯಾರ್ಥಿಯ ಕಾಣಿಕೆಯನ್ನು ಗ್ರಾನೈಟ್ ಫಲಕದಿಂದ ಅಳೆಯುವುದು ಎಷ್ಟು ಸಣ್ಣತನ ಎಂದು ಆಗ ನಮಗೆ ನಾಚಿಕೆಯಾದದ್ದು ನಿಜ.

ಇನ್ನು ನಾವು ಎಡವಿದ ಸಂಗತಿ. ಉತ್ಸಾಹದಲ್ಲಿ ಒಂದು ವಾಟ್ಸಾಪ್ ಗುಂಪು ಮಾಡಿ, 'ನಮ್ಮ ಕಾಲೇಜನ್ನು ಉಳಿಸಿ' ಎಂದು ಕರೆ ಬರೆದು, ಪರಿಚಯದ ಎಲ್ಲ ಕನ್ನಡಿಗರಿಗೂ ಕಳಿಸಿ, ಹಣವನ್ನು ನಮ್ಮಲ್ಲೊಬ್ಬರ ಖಾತೆಯಲ್ಲಿ ಒಟ್ಟು ಮಾಡುವುದೆಂದು ನಿಶ್ಚಯಿಸಿದ್ದೆವು. ಕಳಿಸುವ ಮುನ್ನ ಅಬುಧಾಬಿಯ ಹಿರಿಯರೊಬ್ಬರಿಗೆ ತೋರಿಸಿದ್ದೇ ಪುಣ್ಯ. ಅವರು ಓದಿ, "ಇದನ್ನು ಮೊದಲು ಅಳಿಸಿ, ಆಮೇಲೆ ಮಾತಾಡುವ" ಎಂದರು.

ಈ ದೇಶದಲ್ಲಿ ಅನುಮತಿ ಪಡೆಯದೆ ಸಾರ್ವಜನಿಕರಿಂದ ದೇಣಿಗೆ ಕೇಳುವಂತಿಲ್ಲ, ಕೂಡಿಸುವಂತಿಲ್ಲ. ದುಬೈಯಲ್ಲಿ 2015ರ 9ನೇ ಆದೇಶದಂತೆ, ನಿಧಿ ಸಂಗ್ರಹಕ್ಕೆ ಇಸ್ಲಾಮಿಕ್ ವ್ಯವಹಾರ ಮತ್ತು ಧರ್ಮಾರ್ಥ ಚಟುವಟಿಕೆಗಳ ಇಲಾಖೆಯ ಒಪ್ಪಿಗೆ ಬೇಕು. 2021ರಲ್ಲಿ ಇಡೀ ಸಂಯುಕ್ತ ಸಂಸ್ಥಾನಕ್ಕೆ ಅನ್ವಯಿಸುವ ದೇಣಿಗೆ ಕಾನೂನೂ ಬಂದಿತು, ಅದರಲ್ಲಿ ಪರವಾನಗಿ ಪಡೆದ ಸಂಸ್ಥೆಗಳಿಗಷ್ಟೇ ಸಂಗ್ರಹಿಸುವ ಹಕ್ಕು. ಇಂಟರ್ನೆಟ್ಟಿನಲ್ಲಿ, ಫೋನಿನಲ್ಲಿ ಕರೆ ಕೊಟ್ಟರೂ ಅದು ಸಂಗ್ರಹವೇ. ತಪ್ಪಿದರೆ ದಂಡವಷ್ಟೇ ಅಲ್ಲ, ಜೈಲೂ ಆಗಬಹುದು. ಇದು ಒಳ್ಳೆಯ ಕೆಲಸಕ್ಕೆ ಅಡ್ಡಿ ಎಂದು ನಮ್ಮಲ್ಲಿ ಒಬ್ಬರು ಗೊಣಗಿದರು. ಆದರೆ ಧರ್ಮದ ಹೆಸರಿನಲ್ಲಿ, ರೋಗಿಗಳ ಹೆಸರಿನಲ್ಲಿ ಎತ್ತಿದ ಹಣ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿಯದ ಕಾಲದಲ್ಲಿ ಇಂಥ ಕಟ್ಟುನಿಟ್ಟು ಬೇಕು ಎಂಬುದೇ ನಮ್ಮ ಅಭಿಪ್ರಾಯ.

ಒಬ್ಬೊಬ್ಬರು ತಮ್ಮ ತಮ್ಮ ದುಡಿಮೆಯ ಹಣವನ್ನು ಊರಿನ ತಮ್ಮ ಬ್ಯಾಂಕ್ ಖಾತೆಗೆ ಹಾಕಿ, ಅಲ್ಲಿಂದ ತಾವು ಓದಿದ ಕಾಲೇಜಿಗೆ ನೇರವಾಗಿ ಕೊಡುವುದು ಬೇರೆ ಮಾತು. ನಾವು ಹಿಡಿದ ದಾರಿ ಅದೇ. ಇಲ್ಲಿಯೂ ಭಾರತದ ಕಡೆಯ ಒಂದು ನಿಯಮ ಗೊತ್ತಿರಬೇಕು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ಮೂಲದ ಹಣ ಪಡೆಯಲು ಸಂಸ್ಥೆಗೆ ನೋಂದಣಿಯೋ ಪೂರ್ವಾನುಮತಿಯೋ ಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಭಾರತೀಯ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದು, ಸಾಗರೋತ್ತರ ಭಾರತೀಯರ ಕಾರ್ಡ್ ಮಾತ್ರ ಇರುವವರು ಕೊಟ್ಟರೆ ಅದು ವಿದೇಶಿ ದೇಣಿಗೆ. ನಮ್ಮ ಬಳಗದಲ್ಲಿ ಒಬ್ಬರು ಕೆನಡಾದ ಪ್ರಜೆಯಾಗಿದ್ದರು. ಅತ್ಯಂತ ಹೆಚ್ಚು ಕೊಡಲು ಮುಂದೆ ಬಂದವರೂ ಅವರೇ! ಕಾಲೇಜಿಗೆ ನೋಂದಣಿ ಇರಲಿಲ್ಲವಾದ್ದರಿಂದ ಅವರ ಹಣ ಬೇಡವೆನ್ನಬೇಕಾಯಿತು. ಅವರಿಗೆ ತುಂಬ ಬೇಸರವಾಯಿತು.

ಪಾವತಿಯ ಜೊತೆಗೆ ಪ್ರತಿಯೊಬ್ಬರೂ ಒಂದು ಸಾಲಿನ ಪತ್ರ ಕಳಿಸಿದೆವು: 'ಈ ಮೊತ್ತಕ್ಕೆ ಯಾವ ಷರತ್ತೂ ಇಲ್ಲ, ಸಂಬಳಕ್ಕೂ ಬಳಸಬಹುದು.' ಬರೆಯಲು ಐದು ನಿಮಿಷ ಸಾಕಾಗಿತ್ತು, ಒಪ್ಪಿಕೊಳ್ಳಲು ಎರಡು ವಾರ ಹಿಡಿಯಿತು. ಕಣ್ಣಿಗೆ ಕಾಣುವ ಕಟ್ಟಡಕ್ಕೆ ಕೊಡುವುದು ಸುಲಭ, ಕಾಣದ ಸಂಬಳಕ್ಕೆ ಕೊಡುವುದು ಕಷ್ಟ. ಮೊತ್ತ ಎಷ್ಟೆಂದು ಬರೆಯುವುದಿಲ್ಲ, ದೊಡ್ಡದೇನಲ್ಲ. ಅತಿಥಿ ಉಪನ್ಯಾಸಕರಿಗೆ ಪೂರ್ತಿ ಸಂಬಳ ಸಿಗಲಿಲ್ಲ, ಕೆಲವು ತಿಂಗಳದ್ದು ಮಾತ್ರ ಸಿಕ್ಕಿತು. ಅಷ್ಟರಲ್ಲಿ ಇತಿಹಾಸದ ಮೇಷ್ಟ್ರೊಬ್ಬರು ಕೆಲಸ ಬಿಟ್ಟು ಅಂಗಡಿ ಇಟ್ಟಿದ್ದರು, ಮತ್ತೆ ಬರಲಿಲ್ಲ. ನಾವು ಆ ಎರಡು ವಾರ ಬೇಗ ಮುಗಿಸಿದ್ದರೆ ಬರುತ್ತಿದ್ದರೇನೋ ಎಂದು ಈಗಲೂ ಅನ್ನಿಸುತ್ತದೆ.

ಕೆನಡಾದ ಪ್ರಜೆಯಾದ ಅಕ್ಕ ಸುಮ್ಮನಿರಲಿಲ್ಲ. ಅವರು ಲೆಕ್ಕಪರಿಶೋಧಕಿ. ಹಣ ಕೊಡಲಾಗದಿದ್ದರೆ ಪಾಠ ಹೇಳಬಹುದಲ್ಲ ಎಂದು ಬಿ.ಕಾಂ. ಮಕ್ಕಳಿಗೆ ಕಂಪ್ಯೂಟರ್ ಮೂಲಕ ತರಗತಿ ತೆಗೆದುಕೊಂಡರು. ಆಗ ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶನಿವಾರ-ಭಾನುವಾರ ಆದದ್ದು 2022ರ ಜನವರಿಯಲ್ಲಿ. ಹಾಗಾಗಿ ಶುಕ್ರವಾರ ಇಲ್ಲಿ ರಜೆ, ಅಲ್ಲಿ ಕೆಲಸದ ದಿನ. ನಮ್ಮ ಬೆಳಗಿನ ಹತ್ತು ಗಂಟೆ ಅಲ್ಲಿ ಹನ್ನೊಂದೂವರೆ. ಅನುಕೂಲವಾಗಿಯೇ ಇತ್ತು. ಆದರೆ ಎಷ್ಟೋ ಮಕ್ಕಳ ಮನೆಯಲ್ಲಿ ಸಿಗ್ನಲ್ ಇಲ್ಲ. ಗುಡ್ಡ ಹತ್ತಿ, ಮಳೆಗೆ ಕೊಡೆ ಹಿಡಿದು, ಪಾಠ ಕೇಳುತ್ತಿದ್ದರು. ಕೆಲವರಲ್ಲಿ ಫೋನೇ ಇರಲಿಲ್ಲ.

ಇಲ್ಲಿ ನೆರವಾದವನು ಕೆಲಸ ಕಳೆದುಕೊಂಡು ಊರು ಸೇರಿದ್ದ ನಮ್ಮ ಗೆಳೆಯ. ಅವನ ಬಳಿ ಕೊಡಲು ಹಣವಿರಲಿಲ್ಲ, ಒಂದು ಹಳೆಯ ಬೈಕ್ ಇತ್ತು. ಹಳೆಯ ಫೋನುಗಳನ್ನು ರಿಪೇರಿ ಮಾಡಿಸಿ, ಕಚೇರಿಯವರು ಕೊಟ್ಟ ಪಟ್ಟಿಯಂತೆ ಮನೆಮನೆಗೆ ಮುಟ್ಟಿಸಿದ. ಫೋನು ತಲುಪದ ಕಡೆ ನೋಟ್ಸಿನ ಜೆರಾಕ್ಸ್ ಕೊಟ್ಟು ಬಂದ. ಎರಡು ಮನೆಗಳಲ್ಲಿ ಹುಡುಗಿಯರನ್ನು ಇನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂದಿದ್ದರಂತೆ. ಅಲ್ಲಿ ಅಂಗಳದಲ್ಲಿ ಕೂತು ಚಹಾ ಕುಡಿದು, ಮಾತಾಡಿ, ಒಬ್ಬಳನ್ನು ಮರಳಿ ಹೆಸರು ಹಚ್ಚಿಸಿದ. ಇನ್ನೊಂದು ಮನೆಯಲ್ಲಿ ಅವನ ಮಾತು ನಡೆಯಲಿಲ್ಲ.

ನಿಮ್ಮಲ್ಲಿ ಹಲವರ ಅಪ್ಪ ಅಮ್ಮಂದಿರು ಇಂಥ ಸಣ್ಣ ಕಾಲೇಜುಗಳಲ್ಲೇ ಓದಿದವರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಅಲ್ಲಿಗೆ ಕರೆದೊಯ್ಯಲು ಹೇಳಿ. ಪ್ರಾಂಶುಪಾಲರ ಕೋಣೆಗಿಂತ ಮೊದಲು ಕಚೇರಿಯ ಗುಮಾಸ್ತರನ್ನು ಕಾಣುವುದು ಒಳ್ಳೆಯದು. ಯಾವ ಹುದ್ದೆ ಖಾಲಿ, ಯಾವ ಮಗು ಶುಲ್ಕ ಕಟ್ಟಿಲ್ಲ ಎಂಬುದು ಅವರಿಗೆ ಬಾಯಿಪಾಠ. ನಾವು ಕಳೆದ ಬಾರಿ ಮಕ್ಕಳೊಂದಿಗೆ ಹೋದಾಗ, ಎರಡು ಕೆಂಪುಕಲ್ಲಿನ ಕಂಬಗಳ ನಡುವೆ ನಿಂತ ಸಣ್ಣ ಮಗಳು ಕೇಳಿದಳು: "ಅಪ್ಪಾ, ಇಷ್ಟು ದೊಡ್ಡ ಕಾಲೇಜಿಗೆ ಗೇಟೇ ಇಲ್ಲವಾ?" ನಕ್ಷೆ ಬಿಡಿಸಿದ್ದ ಗೆಳೆಯನೂ ಜೊತೆಗಿದ್ದ. ಈಗ ಅವನು ಊರಲ್ಲೇ ಕೆಲಸದಲ್ಲಿದ್ದಾನೆ. "ಉಂಟು ಮಗಾ, ನನ್ನ ಮನೆಯ ಕಪಾಟಿನಲ್ಲಿ ಉಂಟು" ಎಂದ.